ಇಪ್ಪತ್ತಾರು ಡಿಗ್ರಿ

ಉಲ್ಲಾಸನ ಲೆಕ್ಕದಲ್ಲಿ ಒಂದೂ ತಪ್ಪು ಸಿಗಲಿಲ್ಲವೆಂಬುದೇ ನೀಲಾ ಟೀಚರಿಗೆ ಆದ ಮೊದಲ ಬೇಸರ.

ಅವರು ಕೂತದ್ದೇ ತಪ್ಪು ಹುಡುಕಲೆಂದು. ಸಂಜೆಯ ಚಹಾ ಬದಿಗಿಟ್ಟು, ಕನ್ನಡಕ ಒರೆಸಿಕೊಂಡು, ಹಸಿರು ಶಾಯಿಯ ಪೆನ್ನಿನ ಮುಚ್ಚಳ ತೆಗೆದು, ಮೂವತ್ತೊಂದು ವರ್ಷ ಯಲ್ಲಾಪುರದ ಕಾಲೇಜಿನಲ್ಲಿ ಉತ್ತರಪತ್ರಿಕೆ ತಿದ್ದಿದ ಕೈಯನ್ನು ಒಮ್ಮೆ ಕೊಡವಿಕೊಂಡು ಆ ಹಾಳೆಯನ್ನು ಎದುರಿಗೆ ಎಳೆದುಕೊಂಡಿದ್ದರು. ಹಾಳೆ ಎನ್ನುವಂತೆಯೂ ಇರಲಿಲ್ಲ. ಉಲ್ಲಾಸ ಅದನ್ನು ಪ್ಲಾಸ್ಟಿಕ್ಕಿನೊಳಗೆ ಹಾಕಿಸಿ, ನಾಲ್ಕೂ ಮೂಲೆ ದುಂಡಗೆ ಕತ್ತರಿಸಿ, ದೇವರ ಪಟದ ಹಾಗೆ ಮಾಡಿಕೊಂಡು ಬಂದಿದ್ದ. ಮೇಲೆ ದಪ್ಪ ಅಕ್ಷರದಲ್ಲಿ ‘ಹೊಗೆರಹಿತ ವಿದ್ಯಾರ್ಥಿನಿಲಯದತ್ತ’ ಎಂದಿತ್ತು. ಅದರ ಕೆಳಗೆ ಲೆಕ್ಕ. ಅದರ ಕೆಳಗೆ ‘ಸಿದ್ಧಪಡಿಸಿದವರು’ ಎಂದು ಅವನ ಹೆಸರು, ‘ಪರಿಶೀಲಿಸಿದವರು’ ಎಂದು ಖಾಲಿ ಗೆರೆ.

ಉಲ್ಲಾಸನನ್ನು ಟೀಚರು ಅವನ ಹದಿನೇಳನೆಯ ವಯಸ್ಸಿನಿಂದ ಬಲ್ಲರು. ಪ್ರಯೋಗಾಲಯದಲ್ಲಿ ಲೋಲಕವನ್ನು ನೇತು ಹಾಕುವ ಮೊದಲೇ ಅದರ ಆವರ್ತಕಾಲವನ್ನು ಬರೆದಿಟ್ಟುಕೊಳ್ಳುತ್ತಿದ್ದ ಹುಡುಗ. ಕೇಳಿದರೆ, ‘ಉತ್ತರ ಹ್ಯಾಂಗೂ ಅಷ್ಟೇ ಬತ್ತು ಅಲ್ದಾ ಟೀಚರೇ, ಸುಮ್ನೆ ಎಂತಕ್ಕೆ ದಾರ ಕಟ್ಟೂದು?’ ಎಂದಿದ್ದ. ದಾರ ಕಟ್ಟದೆಯೇ ಬದುಕಿನಲ್ಲಿ ಮುಂದೆ ಬಂದವನು ಅವನು. ಈಗ ನಲವತ್ತೈದರ ಗೃಹಸ್ಥ, ನಿವೃತ್ತಿಯ ಮೇಲೆ ಟೀಚರು ಮೇಲ್ವಿಚಾರಕಿಯಾಗಿರುವ ಶಿರಸಿಯ ಈ ಹೆಣ್ಣುಮಕ್ಕಳ ವಿದ್ಯಾರ್ಥಿನಿಲಯದ ಸಮಿತಿಗೆ ಕಾರ್ಯದರ್ಶಿ. ನಿಲಯಕ್ಕೆ ಐವತ್ತು ವರ್ಷ ತುಂಬುವ ಸಮಾರಂಭ ಫೆಬ್ರವರಿಯಲ್ಲಿ. ಬಾಗಿಲ ಪಕ್ಕದಲ್ಲಿ ಒಂದು ಗ್ರಾನೈಟ್ ಫಲಕ ಬರಬೇಕು, ಅದರ ಮೇಲೆ ‘ಹೊಗೆರಹಿತ’ ಎಂಬ ಪದ ಬರಬೇಕು, ಅದರ ಕೆಳಗೆ ತನ್ನ ಹೆಸರು ಬರಬೇಕು. ಇಷ್ಟು ಬರಬೇಕೆಂದರೆ ಬಚ್ಚಲಿನ ಮಣ್ಣಿನ ಒಲೆಗಳು ಹೋಗಬೇಕು. ಒಲೆ ಹೋದರೆ ಒಲೆ ಉರಿಸುವ ಮಂಜಿಯೂ ಹೋಗಬೇಕು. ಮಂಜಿ ಹೋದರೆ ಬಚ್ಚಲಿನ ಹಿಂದೆ ಅವಳು ಇಪ್ಪತ್ತೆರಡು ವರ್ಷದಿಂದ ಮಲಗುತ್ತಿದ್ದ ಕೋಣೆ ಸಿಲಿಂಡರ್ ಇಡಲು ಒದಗುತ್ತದೆ. ಎಲ್ಲವೂ ಒಂದಕ್ಕೊಂದು ಎಷ್ಟು ಚೆನ್ನಾಗಿ ಕೂಡಿಬಂದಿತ್ತೆಂದರೆ, ಇದರಲ್ಲಿ ಎಲ್ಲೋ ತಪ್ಪಿರಲೇಬೇಕು ಎಂದು ಟೀಚರಿಗೆ ಅನ್ನಿಸಿತ್ತು.

ಆದರೆ ಲೆಕ್ಕ ಸರಿಯಿತ್ತು. ಎರಡು ತಾಮ್ರದ ಹಂಡೆ, ಒಂದೊಂದಕ್ಕೆ ನೂರೈವತ್ತು, ಒಟ್ಟು ಮುನ್ನೂರು ಲೀಟರ್ ನೀರು. ನೀರಿನ ಆರಂಭದ ಉಷ್ಣತೆ ನಲವತ್ತನಾಲ್ಕು ಡಿಗ್ರಿ, ಬೇಕಾದದ್ದು ಎಪ್ಪತ್ತು. ಏರಬೇಕಾದದ್ದು ಇಪ್ಪತ್ತಾರು. ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು ಒಂದು ಕಿಲೋ ಕ್ಯಾಲೊರಿ ಬೇಕು. ಮುನ್ನೂರನ್ನು ಇಪ್ಪತ್ತಾರರಿಂದ ಗುಣಿಸಿದರೆ ಏಳು ಸಾವಿರದ ಎಂಟು ನೂರು. ಒಂದು ಕಿಲೋ ಗ್ಯಾಸ್ ಉರಿದರೆ ಹನ್ನೊಂದು ಸಾವಿರ ಬರುತ್ತದೆ; ಅರ್ಧ ಗಾಳಿಗೆ ಹೋಯಿತೆಂದು ಬಿಟ್ಟರೆ ಹಂಡೆಗೆ ದಕ್ಕುವುದು ಐದೂವರೆ ಸಾವಿರ. ಅಲ್ಲಿಗೆ ದಿನಕ್ಕೆ ಒಂದು ಕಿಲೋ ನಾನೂರು ಗ್ರಾಮಿಗೆ ಚೂರು ಮೇಲೆ. ಹತ್ತೊಂಬತ್ತು ಕಿಲೋದ ಸಿಲಿಂಡರ್ ಹದಿಮೂರು ದಿನ ಬರುತ್ತದೆ. ಭಾನುವಾರ ಹುಡುಗಿಯರು ಊರಿಗೆ ಹೋಗುತ್ತಾರೆ. ಆದ್ದರಿಂದ ತಿಂಗಳಿಗೆ ಎರಡೇ ಸಿಲಿಂಡರ್.

ಅರ್ಧ ಗಾಳಿಗೆ ಹೋಗುತ್ತದೆಂಬುದನ್ನು ಇವನು ಮರೆತಿರುತ್ತಾನೆ ಎಂದುಕೊಂಡಿದ್ದರು; ಮರೆತಿರಲಿಲ್ಲ. ಕ್ಯಾಲೊರಿಗೂ ಕಿಲೋ ಕ್ಯಾಲೊರಿಗೂ ಗೊಂದಲ ಮಾಡಿರುತ್ತಾನೆ ಎಂದುಕೊಂಡಿದ್ದರು, ಮಾಡಿರಲಿಲ್ಲ. ಕಡೆಗೆ ‘ನಲವತ್ತನಾಲ್ಕು ಎಲ್ಲಿಂದ ಬಂತು?’ ಎಂದು ಫೋನು ಮಾಡಿ ಕೇಳಿದರು.

‘ಖುದ್ದು ಅಳೆದದ್ದು ಟೀಚರೇ’ ಎಂದ ಉಲ್ಲಾಸ. ‘ಡಿಸೆಂಬರ್ ಹತ್ತೊಂಬತ್ತು, ಬೆಳಿಗ್ಗೆ ಐದೂವರೆ. ಒಲೆ ಹಚ್ಚುವ ಮೊದಲು. ಥರ್ಮಾಮೀಟರ್ ಎರಡೂ ಹಂಡೆಗೆ ಅದ್ದಿ, ಸರಾಸರಿ ತೆಗೆದು ಬರೆದದ್ದು.’

ಅಳೆದಿದ್ದಾನೆ! ಈ ಜನ್ಮದಲ್ಲಿ ಒಮ್ಮೆ ದಾರ ಕಟ್ಟಿದ್ದಾನೆ. ಟೀಚರು ಫೋನಿಟ್ಟರು. ತಾನು ಇವನನ್ನು ಇಷ್ಟು ವರ್ಷ ಸುಮ್ಮನೆ ಹೀಯಾಳಿಸಿದೆನೇನೋ ಎಂಬ ಅಳುಕು ಒಂದು ಕ್ಷಣ ಬಂತು. ಬಂದದ್ದು ಹಿಡಿಸಲಿಲ್ಲ. ‘ಪರಿಶೀಲಿಸಿದವರು’ ಎಂಬಲ್ಲಿ, ಶಾಯಿ ಪ್ಲಾಸ್ಟಿಕ್ಕಿನ ಮೇಲೆ ಜಾರುತ್ತಿದ್ದರೂ ಒತ್ತಿ ಒತ್ತಿ, ಹಸಿರು ಸಹಿ ಹಾಕಿದರು.

ಜನವರಿ ಒಂದು ತಿಂಗಳು ಗ್ಯಾಸಿನ ಪರೀಕ್ಷೆಯ ಕಾಲ ಎಂದು ಸಮಿತಿ ತೀರ್ಮಾನಿಸಿತು. ಎರಡು ಸಿಲಿಂಡರಿನಲ್ಲಿ ತಿಂಗಳು ಕಳೆದರೆ ಒಲೆ ಒಡೆಯುವುದು, ಮಂಜಿಯನ್ನು ಕಳಿಸುವುದು. ಅಲ್ಲಿಯವರೆಗೆ ಒಲೆಗಳ ಮೇಲೆ ತಗಡು ಮುಚ್ಚಿ, ಹಂಡೆಗಳನ್ನು ಕಿತ್ತು ಪಕ್ಕದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಲಾಯಿತು.

ಮಂಜಿ ಸಿದ್ದಾಪುರದ ಹತ್ತಿರದ ಕೋಲಸಿರ್ಸಿಯವಳು. ಗಂಡ ಸತ್ತ ಮೇಲೆ ಅಣ್ಣನ ಮನೆಯ ಜಗಲಿಯಲ್ಲಿ ಎರಡು ವರ್ಷ ಇದ್ದು, ಅತ್ತಿಗೆ ಲೋಟ ಕುಕ್ಕುವ ಸದ್ದಿನ ಅರ್ಥವಾದ ದಿನ ಎದ್ದು ಬಂದವಳು. ಈಗ ಐವತ್ತೆಂಟೋ ಅರವತ್ತೋ. ಅವಳಿಗೆ ಹೇಳುವ ಕೆಲಸವನ್ನು ಉಲ್ಲಾಸ ಟೀಚರಿಗೇ ಬಿಟ್ಟಿದ್ದ. ಇಂಥ ಕೆಲಸಗಳನ್ನು ಅವನು ಯಾವಾಗಲೂ ‘ನೀವು ಹಿರಿಯರು’ ಎಂದು ಆರಂಭಿಸಿ ದಾಟಿಸುತ್ತಿದ್ದ.

ಮಂಜಿ ಪೂರ್ತಿ ಕೇಳಿ, ‘ಹೊಗೆ ಇಲ್ದೆ ನೀರು ಕಾಯ್ತದೆ ಅಂದ್ರೆ ಒಳ್ಳೇದೇ ಅಲ್ದಾ ಅಮ್ಮ’ ಎಂದಳು. ಆಮೇಲೆ, ‘ಅಣ್ಣನ ಮನೆ ಜಗಲಿಗೆ ಈಗ ಗ್ರಿಲ್ ಹಾಕಿದ್ರಂತೆ’ ಎಂದಳು.

ಅವಳನ್ನು ಕುರಿತು ಟೀಚರಿಗೆ ಗೊತ್ತಿದ್ದದ್ದು ಕಡಿಮೆಯೇ. ಮೇಲ್ವಿಚಾರಕಿಯಾಗಿ ಏಳು ವರ್ಷವಾಗಿದ್ದರೂ ಅವರು ಹುಡುಗಿಯರ ಬಚ್ಚಲಿಗೆ ಹೋದದ್ದು ಕಡಿಮೆ. ಅವರ ಕೋಣೆಯದೇ ಬಚ್ಚಲಿತ್ತು. ಆರು ಗಂಟೆಗೆ ಬಾಗಿಲ ಹೊರಗೆ ಮುಚ್ಚಿದ ಬಿಸಿನೀರಿನ ಬಕೆಟ್ ಇರುತ್ತಿತ್ತು. ಟೀಚರ ಮೊಣಕಾಲು ಹಿಡಿದುಕೊಂಡ ಚಳಿಗಾಲದಿಂದ ಅದರ ಪಕ್ಕ ಇನ್ನೊಂದು ಚಿಕ್ಕ ಬಕೆಟ್ ಬರತೊಡಗಿತ್ತು. ಹಾಗೆ ತಂದಿಡೆಂದು ಮಂಜಿಗೆ ಯಾರೂ ಹೇಳಿರಲಿಲ್ಲ. ಟೀಚರು ಅದನ್ನು ನಿಲಯದ ವ್ಯವಸ್ಥೆ ಎಂದುಕೊಂಡಿದ್ದರು.

ಮೊದಲ ಸಿಲಿಂಡರ್ ತಂದವನು ಹಯಾತ್. ಗ್ಯಾಸ್ ಏಜೆನ್ಸಿಯ ಗಾಡಿ ಓಡಿಸುವವನು, ಮೂವತ್ತೈದರ ಗಟ್ಟಿ ಆಳು. ಗೇಟಿನವರೆಗೆ ತಂದಿಟ್ಟರೆ ಅವನ ಕೆಲಸ ಮುಗಿಯಬೇಕು. ಗೇಟಿನಿಂದ ಬಚ್ಚಲಿಗೆ ಇಪ್ಪತ್ತೊಂದು ಮೆಟ್ಟಿಲು. ಅಡಿಗೆಯವಳು ಸಿಲಿಂಡರನ್ನು ಓರೆ ಮಾಡಿ ಉರುಳಿಸಲು ಹೊರಟದ್ದು ನೋಡಿ, ‘ಬಿಡಿ ಅಕ್ಕ, ಅದು ಹಲಸಿನ ಹಣ್ಣಲ್ಲ’ ಎಂದು ಹೆಗಲಿಗೆ ಏರಿಸಿಕೊಂಡು ಹೋಗಿ, ರೆಗ್ಯುಲೇಟರ್ ಕೂರಿಸಿ, ಉರಿ ಹಚ್ಚಿ ತೋರಿಸಿ ಹೋದ.

ಗ್ಯಾಸಿಗೆ ಮಂಜಿ ಕೈ ಹಾಕಕೂಡದೆಂದು ಉಲ್ಲಾಸನ ಅಪ್ಪಣೆಯಾಗಿತ್ತು. ಆದರೂ ಅವಳು ನಾಲ್ಕು ಗಂಟೆಗೆ ಎದ್ದು ಬಚ್ಚಲ ಕಟ್ಟೆಯ ಮೇಲೆ ಸೆರಗು ಹೊದ್ದು ಕೂತಿರುತ್ತಿದ್ದಳು. ‘ಎಂತಕ್ಕೆ ಏಳ್ತೆ ಮಾರಾಯ್ತಿ?’ ಎಂದು ಅಡಿಗೆಯವಳು ಕೇಳಿದರೆ, ‘ಕಣ್ಣಿಗೆ ಯಾರು ಹೇಳೂದು, ಕೆಲ್ಸ ಹೋಯ್ತು ಅಂತ’ ಎನ್ನುತ್ತಿದ್ದಳಂತೆ.

ಏಳನೆಯ ದಿನ ಬೆಳಿಗ್ಗೆ ಉರಿ ಆರಿತು.

ಆಗ ಭೈರುಂಬೆಯ ತನುಜಾ ತಲೆಗೆ ಶಾಂಪೂ ಹಾಕಿಕೊಂಡು ಕೂತಿದ್ದಳು. ಹತ್ತಕ್ಕೆ ಅವಳಿಗೆ ಲೆಕ್ಕಶಾಸ್ತ್ರದ ಪರೀಕ್ಷೆ. ಹಂಡೆಯ ನೀರು ಉಗುರುಬೆಚ್ಚಗೆ ಮುಟ್ಟಿ ನಿಂತಿತ್ತು. ಹುಡುಗಿಯರು ಕೂಗಾಡುತ್ತಿದ್ದಂತೆ ಮಂಜಿ ಹಿತ್ತಿಲಲ್ಲಿ ಮೂರು ಇಟ್ಟಿಗೆ ಇಟ್ಟು, ತನ್ನ ಅನ್ನದ ಪಾತ್ರೆಯಲ್ಲೇ ನೀರು ಕಾಸಿ ತಂದು ಅವಳ ತಲೆಗೆ ಹೊಯ್ದಳು. ಟೀಚರು ಕೆಳಗೆ ಬರುವಷ್ಟರಲ್ಲಿ ತನುಜಾ ತಲೆ ಒರೆಸಿಕೊಳ್ಳುತ್ತ, ‘ಟೀಚರ್, ನೀರಲ್ಲಿ ಅನ್ನದ ವಾಸ್ನೆ, ಆದ್ರೆ ಬಿಸಿ ಇತ್ತು’ ಎಂದಳು.

ಉಲ್ಲಾಸ ಹತ್ತು ಗಂಟೆಗೆ ಬಂದ. ಹದಿಮೂರು ದಿನ ಬರಬೇಕಾದದ್ದು ಏಳು ದಿನವೂ ಬರಲಿಲ್ಲವೆಂದರೆ ಲೆಕ್ಕವನ್ನು ನೋಡಬೇಕೆಂದು ಅವನಿಗೆ ಹೊಳೆಯಲಿಲ್ಲ. ಪ್ಲಾಸ್ಟಿಕ್ಕಿನೊಳಗೆ ಹೋದದ್ದು ತಪ್ಪಾಗಲಾರದು ಎಂಬಂತೆ ಅವನು ಲೋಕವನ್ನು ಪರೀಕ್ಷಿಸತೊಡಗಿದ. ಮೊದಲು ಸೋರಿಕೆ ಎಂದ. ಪೈಪಿಗೆಲ್ಲ ಸಾಬೂನಿನ ನೊರೆ ಬಳಿಸಿದ. ಒಂದು ಗುಳ್ಳೆಯೂ ಏಳಲಿಲ್ಲ. ಆಮೇಲೆ ತೂಕದಲ್ಲಿ ಮೋಸ ಎಂದ. ಹಯಾತ್ ಎರಡನೆಯ ಸಿಲಿಂಡರ್ ತಂದಾಗ ಅವನ ಎದುರೇ, ‘ಇವರ ಗಾಡಿಯಲ್ಲಿ ದಾರಿ ಮೇಲೆ ಏನೇನು ನಡೀತದೋ’ ಎಂದು ಟೀಚರಿಗೆ ಹೇಳುವಂತೆ ಹೇಳಿದ.

ಹಯಾತನ ಮುಖ ಒಂದು ಗಳಿಗೆ ಬಿಗಿಯಿತು. ಅವನು ಗಾಡಿಗೆ ಹೋಗಿ ಕೊಕ್ಕೆ ತಕ್ಕಡಿ ತಂದ. ಮಾವಿನ ಟೊಂಗೆಗೆ ಕಟ್ಟಿ, ಸಿಲಿಂಡರ್ ನೇತು ಹಾಕಿ, ಸಿಲಿಂಡರಿನ ಕೊರಳಲ್ಲಿ ಬರೆದ ಖಾಲಿ ತೂಕವನ್ನು ಬೆರಳಿಟ್ಟು ತೋರಿಸಿದ. ‘ಸಾರ್, ನೀವೇ ಓದಿ ಕಳೀರಿ. ನಾನು ಕಳೆದ್ರೆ ಅದ್ರಲ್ಲೂ ಮೋಸ ಬರಬಹುದು.’

ಕಳೆದರೆ ಹತ್ತೊಂಬತ್ತು ಕಿಲೋ, ಮೇಲೆ ನೂರು ಗ್ರಾಂ. ಉಲ್ಲಾಸ ಮೊಬೈಲಿನಲ್ಲಿ ಎರಡು ಸಲ ಕಳೆದು ನೋಡಿದ. ಹಯಾತ್ ತಕ್ಕಡಿ ಬಿಚ್ಚಿಕೊಂಡು, ಅವಮಾನ ಮಾಡಿಸಿಕೊಂಡ ಮೇಲೂ ಸಿಲಿಂಡರನ್ನು ಹೆಗಲ ಮೇಲೇ ಇಳಿಸಿ ಕೊಟ್ಟು ಹೋದ. ಅವನಿಗೆ ಹೇಳಬೇಕಾಗಿದ್ದ ಒಂದು ಮಾತನ್ನು ಉಲ್ಲಾಸ ಹೇಳಲಿಲ್ಲ. ‘ಹಯಾತ್, ತಪ್ಪಾಯ್ತು ನಮ್ಮದು’ ಎಂದು ಟೀಚರೇ ಗೇಟಿನವರೆಗೆ ಹೋಗಿ ಹೇಳಬೇಕಾಯಿತು.

‘ಇರ್ಲಿ ಟೀಚರ್. ಇಂಥವ್ರು ದಿನಕ್ಕೆ ಇಬ್ರು ಸಿಗ್ತಾರೆ’ ಎಂದು ಅವನು ಗಾಡಿ ತಿರುಗಿಸಿದ.

ಸೋರಿಕೆಯಿಲ್ಲ, ಮೋಸವಿಲ್ಲ. ಉಲ್ಲಾಸ ಬಚ್ಚಲ ಕಟ್ಟೆಯ ಮೇಲೆ ಕೂತಿದ್ದ ಮಂಜಿಯನ್ನೇ ನೋಡುತ್ತ ನಿಂತ. ಅವನ ತಲೆಯೊಳಗೆ ಉತ್ತರ ಮೊದಲೇ ಬರೆದಾಗಿದೆ ಎಂದು ಟೀಚರಿಗೆ ಗೊತ್ತಾಯಿತು; ಹದಿನೇಳರ ಹುಡುಗನ ಅದೇ ಮುಖ.

‘ಈ ಪ್ರಯೋಗ ಸೋತರೆ ಲಾಭ ಯಾರಿಗೆ ಅಂತ ನೋಡಬೇಕು ಟೀಚರೇ’ ಎಂದ, ಆಫೀಸಿಗೆ ಬಂದ ಮೇಲೆ. ‘ಮಲಗುವುದು ಗೋಡೆಯ ಆಚೆ. ನಾಲ್ಕಕ್ಕೇ ಏಳುತ್ತಾಳೆ. ಗ್ಯಾಸಿನ ಗುಬುಟು ತಿರುಗಿಸಿ ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ?’

‘ನೀ ಕಂಡಿದ್ಯಾ?’

‘ಕಾಣುವುದು ಎಂಥದು? ಲೆಕ್ಕವೇ ಹೇಳುತ್ತದಲ್ಲ. ದಿನಕ್ಕೆ ಒಂದು ಕಿಲೋ ನಾನೂರು ಗ್ರಾಂ ಗ್ಯಾಸ್ ಹೆಚ್ಚು ಹೋಗುತ್ತಿದೆ. ಬೇಕಾದ್ದು ಎಷ್ಟೋ, ಹೆಚ್ಚು ಹೋಗುವುದೂ ಅಷ್ಟೇ. ಲೆಕ್ಕಕ್ಕೆ ನೀವೇ ಸಹಿ ಹಾಕಿದ್ದೀರಿ.’ ಅವನು ಪ್ಲಾಸ್ಟಿಕ್ ಹಾಳೆಯನ್ನು ಮೇಜಿನ ಮೇಲೆ ಅವರ ಕಡೆಗೆ ತಿರುಗಿಸಿ ಇಟ್ಟ. ‘ತಿಂಗಳು ಮುಗಿಯುವವರೆಗೆ ಕಾಯುವುದು ಬೇಡ. ಶನಿವಾರ ಅವಳು ಕೋಣೆ ಬಿಡಲಿ. ನೀವು ಹಿರಿಯರು, ನೀವೇ ಹೇಳಿ.’

ಹಸಿರು ಸಹಿ ಟೀಚರನ್ನೇ ನೋಡುತ್ತಿತ್ತು. ಮಂಜಿ ಗ್ಯಾಸ್ ಬಿಟ್ಟಿರಲಾರಳು ಎಂದು ಅವರಿಗೆ ಗೊತ್ತು. ಆದರೆ ‘ಗೊತ್ತು’ ಎನ್ನುವುದು ಲೆಕ್ಕವಲ್ಲ ಎಂದು ಮೂವತ್ತೊಂದು ವರ್ಷ ಮಕ್ಕಳಿಗೆ ಹೇಳಿಕೊಟ್ಟವರೂ ಅವರೇ. ಬಾಯಿಗೆ ಬಂದ ಒಂದೇ ಮಾತು, ‘ಶನಿವಾರಕ್ಕೆ ಇನ್ನೂ ನಾಲ್ಕು ದಿನ ಇದ್ದು’ ಎಂಬುದು. ಆ ಮಾತು ಎಷ್ಟು ಬಡಕಲಾಗಿತ್ತೆಂದರೆ ಉಲ್ಲಾಸ ನಕ್ಕ.

ಆ ನಗು ಅವರನ್ನು ಮರುದಿನ ಬೆಳಗಿನ ಐದೂವರೆಗೆ ಎಬ್ಬಿಸಿತು. ಕಾಲೇಜಿನಿಂದ ಬೀಳ್ಕೊಡುವಾಗ ಕೊಟ್ಟಿದ್ದ ಥರ್ಮಾಮೀಟರನ್ನು ಪೆಟ್ಟಿಗೆಯಿಂದ ತೆಗೆದು, ಶಾಲು ಹೊದ್ದು, ಮೊಣಕಾಲನ್ನು ಬಯ್ಯುತ್ತ ಮೆಟ್ಟಿಲಿಳಿದರು. ಅಡಿಗೆಯವಳು ಇನ್ನೂ ಉರಿ ಹಚ್ಚಿರಲಿಲ್ಲ. ಮಂಜಿ ಕಟ್ಟೆಯಿಂದ ಗಡಬಡಿಸಿ ಎದ್ದಳು.

‘ಎಂತ ಅಮ್ಮ, ನೀರು ಬೇಕಾಗಿತ್ತಾ?’

‘ಇಲ್ಲೆ, ಕೂತ್ಗ.’

ಟೀಚರು ಹಂಡೆಯ ಮುಚ್ಚಳ ಸರಿಸಿ ಥರ್ಮಾಮೀಟರ್ ಅದ್ದಿದರು. ಪಾದರಸ ಹದಿನೆಂಟರಲ್ಲಿ ನಿಂತಿತು. ಒರೆಸಿ ಮತ್ತೆ ಅದ್ದಿದರು. ಹದಿನೆಂಟು. ಇನ್ನೊಂದು ಹಂಡೆಯಲ್ಲೂ ಹದಿನೆಂಟು. ಮೇಲಿನ ಟ್ಯಾಂಕಿನಿಂದ ಬಂದ, ಜನವರಿಯ ಇಬ್ಬನಿಯಲ್ಲಿ ತಣಿದ ನೀರು ಬೇರೆ ಎಷ್ಟಿರಬೇಕು? ನಲವತ್ತನಾಲ್ಕು ಡಿಗ್ರಿಯ ನೀರು ಶಿರಸಿಯ ಯಾವ ನಲ್ಲಿಯಲ್ಲಿ ಬರುತ್ತದೆ? ಇಷ್ಟು ಸಾದಾ ಪ್ರಶ್ನೆಯನ್ನು ಮೂವತ್ತೊಂದು ವರ್ಷ ಪಾಠ ಮಾಡಿದ ಮುದುಕಿ ಕೇಳಿಕೊಳ್ಳಲಿಲ್ಲ. ಕಿಲೋ ಕ್ಯಾಲೊರಿಯಲ್ಲಿ ತಪ್ಪು ಹುಡುಕುತ್ತ ಕೂತಿದ್ದಳು.

‘ಮಂಜೀ, ಆ ದಿನ ಉಲ್ಲಾಸ ಬಂದು ನೀರು ಅಳೆದಾಗ ನೀ ಒಲೆ ಹಚ್ಚಿದ್ಯಾ?’

‘ಇಲ್ಲ ಅಮ್ಮ. ಹಚ್ಬೇಡ ಅಂದಿದ್ರು.’

‘ಮತ್ತೆ ನೀರು ಬಿಸಿ ಆಗಿದ್ದು ಎಂತಕ್ಕೆ?’

ಮಂಜಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಸೂರ್ಯ ಮೂಡುವುದು ಎಂತಕ್ಕೆ ಎಂದು ಕೇಳಿದವರನ್ನು ನೋಡುವಂತೆ ನೋಡಿದಳು. ‘ನಮ್ಮ ಹಂಡೆ ನೀರು ಬಿಸೀನೇ ಇರ್ತದಲ್ಲ ಅಮ್ಮ’ ಎಂದಳು.

ಆಮೇಲೆ ಚಿಕ್ಕ ಮಕ್ಕಳಿಗೆ ಹೇಳುವಂತೆ ಹೇಳಿದಳು. ಹಂಡೆಯನ್ನು ಬರಿದು ಬಿಡಬಾರದು, ಅದು ಮನೆಗೆ ಒಳ್ಳೆಯದಲ್ಲ. ಕೊನೆಗೆ ಮಿಂದವರು ಕಂಠದವರೆಗೆ ತುಂಬಿಸಿಯೇ ಬಚ್ಚಲು ಬಿಡಬೇಕು. ಕೆಳಗೆ ಬೆಳಗಿನ ಕೆಂಡ ಇರುತ್ತದೆ. ಅದು ಸಂಜೆಯವರೆಗೆ ನೀರನ್ನು ಹಿಡಿದಿಡುತ್ತದೆ. ಮಲಗುವ ಮೊದಲು ಮಂಜಿ ಒಲೆಗೊಂದು ಬುಟ್ಟಿ ಅಡಿಕೆ ಸಿಪ್ಪೆ ಹಾಕಿ ಬೂದಿ ಮುಚ್ಚುತ್ತಾಳೆ. ಸಿಪ್ಪೆ ಉರಿಯುವುದಿಲ್ಲ, ಹೊಗೆಯೂ ಹೆಚ್ಚು ಏಳುವುದಿಲ್ಲ, ಬೆಳಗಿನವರೆಗೆ ಒಳಗೊಳಗೇ ಕಾಯುತ್ತದೆ. ಎದ್ದಾಗ ನೀರು ಅರ್ಧ ಬೆಂದಿರುತ್ತದೆ. ಮತ್ತೆ ನಾಲ್ಕು ಕೊಳ್ಳಿ ಇಟ್ಟರೆ ಸಾಕು.

‘ಆ ದಿನ ಅಂತೂ’ ಎಂದಳು ಮಂಜಿ, ‘ಉಲ್ಲಾಸ ಸಾಯ್ಬ್ರು ಚಳಿಯಲ್ಲಿ ಬೆಳಗಾ ಮುಂಚೆ ಬರ್ತಾರೆ, ಕೈ ಅದ್ದಿದ್ರೆ ತಣ್ಣಗೆ ಹತ್ತೂದು ಬೇಡ ಅಂತ ಒಂದು ಬುಟ್ಟಿ ಸಿಪ್ಪೆ ಜಾಸ್ತೀನೇ ಹಾಕಿದ್ದೆ. ವಾನಳ್ಳಿ ತೋಟದ ಸಿಪ್ಪೆ, ಚಲೋ ಕಾಯ್ತದೆ.’

ಟೀಚರು ಕಟ್ಟೆಯ ಮೇಲೆ ಅವಳ ಪಕ್ಕದಲ್ಲೇ ಕೂತುಬಿಟ್ಟರು. ಹದಿನೆಂಟರಿಂದ ನಲವತ್ತನಾಲ್ಕು, ಇಪ್ಪತ್ತಾರು. ನಲವತ್ತನಾಲ್ಕರಿಂದ ಎಪ್ಪತ್ತು, ಅದೂ ಇಪ್ಪತ್ತಾರು. ಗ್ಯಾಸ್ ಎರಡು ಪಾಲು ಖರ್ಚಾದದ್ದಕ್ಕೆ ಕಾರಣ ಅಲ್ಲಿ ಕೂತಿತ್ತು. ಅರ್ಧ ಕೆಲಸವನ್ನು ಈ ಹೆಂಗಸು ಮಲಗಿಕೊಂಡೇ ಮಾಡುತ್ತಿದ್ದಳು. ಆ ಅರ್ಧವನ್ನು ಉಲ್ಲಾಸ ನೀರಿನ ಹುಟ್ಟುಗುಣ ಎಂದು ಬರೆದುಕೊಂಡ. ತಾನು ಅದಕ್ಕೆ ಸಹಿ ಹಾಕಿದೆ. ಅವನ ಮೇಲಿನ ಸಿಟ್ಟು ಹಳೆಯದು, ಪಳಗಿದ್ದು. ತನ್ನ ಮೇಲೆ ಬಂದದ್ದು ಹೊಸದು, ಅದನ್ನು ಎಲ್ಲಿ ಇಡಬೇಕೆಂದು ಅವರಿಗೆ ತಿಳಿಯಲಿಲ್ಲ. ಅವನು ಮೂರ್ಖ, ಸರಿ. ಅವನಿಗೆ ಕಲಿಸಿದ ಪಂಡಿತೆ ಏಳು ವರ್ಷ ಬಾಗಿಲಿಗೆ ಬಂದ ಬಿಸಿನೀರು ಮಿಂದಳು, ಅದು ಎಲ್ಲಿಂದ ಬಂತೆಂದು ಕೇಳಲಿಲ್ಲ.

‘ನೀನಾದ್ರೂ ಹೇಳೂಲಾಗಿತ್ತು’ ಎಂದರು, ಸುಮ್ಮನೆ.

‘ಯಾರು ಕೇಳಿದ್ರಮ್ಮ?’ ಎಂದಳು ಮಂಜಿ. ಆ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಟೀಚರಿಗೆ ಹಗುರವಾಗುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಟೀಚರು ಹಯಾತನಿಗೆ ಫೋನು ಮಾಡಿದರು. ಸಿಲಿಂಡರ್ ಬೇಡ, ಒಂದು ಹಂಡೆ ಎತ್ತಿಡಬೇಕಾಗಿದೆ, ಇದು ನಿನ್ನ ಕೆಲಸವಲ್ಲ, ಆದರೂ, ಎಂದರು. ‘ಯಾರ ಮಂಡೆ ಮೇಲೆ ಎತ್ತಿಡೋದು ಟೀಚರ್?’ ಎಂದು ಅವನು ಕೇಳಿದ. ಟೀಚರು ಬಹಳ ದಿನದ ಮೇಲೆ ನಕ್ಕರು. ಅವನು ಊಟದ ಹೊತ್ತಿನಲ್ಲೇ ಬಂದ; ಮಂಜಿಯೂ ಅವನೂ ಸೇರಿ ತಗಡು ಸರಿಸಿ, ಒಂದು ಹಂಡೆಯನ್ನು ಹಳೆಯ ಮಣ್ಣಿನ ಒಲೆಯ ಮೇಲೆ ಕೂರಿಸಿದರು. ಇನ್ನೊಂದು ಕಬ್ಬಿಣದ ಸ್ಟ್ಯಾಂಡಿನ ಮೇಲೆಯೇ ಉಳಿಯಿತು. ಎರಡಕ್ಕೂ ಒಂದೇ ಟ್ಯಾಂಕಿನ ನೀರು ತುಂಬಿಸಿದರು. ಮಂಜಿ ಸಂಜೆಗೆ ನಾಲ್ಕು ಕೊಳ್ಳಿ ಉರಿಸಿ ಕೆಂಡ ಮಾಡಿ, ಮಲಗುವಾಗ ಎಂದಿನಂತೆ ಒಂದೇ ಬುಟ್ಟಿ ಸಿಪ್ಪೆ ಹಾಕಿ ಬೂದಿ ಮುಚ್ಚಿದಳು. ‘ಜಾಸ್ತಿ ಹಾಕ್ಲಾ?’ ಎಂದು ಕೇಳಿದ್ದಕ್ಕೆ, ‘ಬೇಡವೇ ಬೇಡ’ ಎಂದರು ಟೀಚರು.

ಉಲ್ಲಾಸನಿಗೆ, ‘ಶನಿವಾರ ಬೆಳಿಗ್ಗೆ ಐದೂವರೆಗೆ ಬಾ, ನಿನ್ನ ಥರ್ಮಾಮೀಟರ್ ತಗಂಡು ಬಾ’ ಎಂದಷ್ಟೇ ಹೇಳಿದ್ದರು. ಅವನು ಮಫ್ಲರ್ ಸುತ್ತಿಕೊಂಡು, ಕೋಣೆ ಖಾಲಿ ಮಾಡಿಸಲೆಂದು ಒಂದು ಹೊಸ ಬೀಗ ಹಿಡಿದುಕೊಂಡು ಬಂದ. ಬಾಗಿಲಲ್ಲಿ ಮಂಜಿಯ ಚೀಲ ಕಟ್ಟಿ ಇಟ್ಟಿತ್ತು. ಏನಾಗುತ್ತದೆಂದು ಟೀಚರು ಅವಳಿಗೆ ಹೇಳಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

‘ಸ್ಟ್ಯಾಂಡಿನ ಹಂಡೆಗೆ ಅದ್ದು.’

‘ಎಂತಕ್ಕೆ ಟೀಚರೇ, ಇದೆಲ್ಲ...’

‘ದಾರ ಕಟ್ಟು ಮಾರಾಯ.’

ಅದ್ದಿದ. ಓದಲಿಲ್ಲ. ಟೀಚರೇ ಓದಿದರು. ‘ಹದಿನೆಂಟು. ಈಗ ಒಲೆ ಮೇಲಿಂದು.’

ಉಲ್ಲಾಸ ಒಲೆಯ ಬಾಯಿಗೆ ಬಗ್ಗಿ ನೋಡಿದ. ಉರಿಯಿರಲಿಲ್ಲ. ಬೂದಿ ಮಾತ್ರ ಇತ್ತು. ಥರ್ಮಾಮೀಟರ್ ಅದ್ದಿದ. ಪಾದರಸ ಏರುತ್ತ ಏರುತ್ತ ಹೋಗಿ ನಲವತ್ತೆರಡರಲ್ಲಿ ನಿಂತಿತು. ಅವನು ಕೋಲಿನಿಂದ ಬೂದಿ ಕೆದಕಿದ. ಅಡಿಯಲ್ಲಿ ಸಿಪ್ಪೆ ದಾಸವಾಳದ ಹಾಗೆ ಕೆಂಪಗೆ ಕಾಯುತ್ತಿತ್ತು.

ಅವನಿಗೆ ಅರ್ಥವಾಯಿತು. ಅರ್ಥವಾಗದಷ್ಟು ದಡ್ಡನಲ್ಲ ಎಂಬುದೇ ಅವನ ವಿಷಯದಲ್ಲಿ ಅತ್ಯಂತ ಕೆಟ್ಟ ಸಂಗತಿ ಎಂದು ಟೀಚರು ಮೊದಲಿಂದಲೂ ಅಂದುಕೊಂಡಿದ್ದರು. ಪುಸ್ತಕದ ಭಾಷೆ ಅವನ ಬಾಯಿಂದ ಜಾರಿಹೋಗಿ ಮನೆಮಾತು ಬಂತು.

‘ಆದ್ರೆ ಟೀಚರೇ, ಆನು ಅಳೆದದ್ದು ಸುಳ್ಳಲ್ಲ. ನಲ್ವತ್ನಾಲ್ಕು ಇತ್ತು.’

‘ಇತ್ತು. ಯಾರು ಇಟ್ಟಿದ್ದು ಹೇಳಿ ನೀ ಕೇಳಿದ್ದಿಲ್ಲೆ.’

‘ನಿಂಗನೂ ಕೇಳಿದ್ದಿಲ್ಲೆ. ಸಹಿ ಹಾಕಿದ್ದು ನಿಂಗ.’

ಮಂಜಿ ನೆಲ ನೋಡುತ್ತಿದ್ದಳು. ಟೀಚರು ಉಲ್ಲಾಸನ ಕೈಯಿಂದ ಪ್ಲಾಸ್ಟಿಕ್ ಹಾಳೆಯನ್ನು ತೆಗೆದುಕೊಂಡರು. ಅವನು ಅದನ್ನು ಬೀಗದ ಜೊತೆಗೇ ತಂದಿದ್ದ. ಸೊಂಟದಿಂದ ಪೆನ್ನು ತೆಗೆದು, ಹಂಡೆಯ ಮುಚ್ಚಳದ ಮೇಲೆ ಹಾಳೆಯನ್ನಿಟ್ಟು, ತಮ್ಮ ಸಹಿಯ ಕೆಳಗೆ ಬರೆದರು. ನಲವತ್ತನಾಲ್ಕರಲ್ಲಿ ಇಪ್ಪತ್ತಾರು ಡಿಗ್ರಿ ಮಂಜಿಯದು. ಅವಳಿಲ್ಲದಿದ್ದರೆ ತಿಂಗಳಿಗೆ ನಾಲ್ಕು ಸಿಲಿಂಡರ್. ಪರಿಶೀಲಿಸುವಾಗ ನಾನು ನೋಡಲಿಲ್ಲ. ಅದರ ಕೆಳಗೆ ಇನ್ನೊಂದು ಸಹಿ.

‘ಸಮಿತಿಯ ಎದುರು ಇದನ್ನು ನಾನೇ ಓದುತ್ತೇನೆ’ ಎಂದರು. ‘ನನ್ನ ಪಾಲಿನದನ್ನು ಮೊದಲು ಓದುತ್ತೇನೆ, ನಿನ್ನದನ್ನು ಆಮೇಲೆ. ಆ ಬೀಗ ಎಲ್ಲಿಂದ ತಂದೆಯೋ ಅಲ್ಲಿಗೆ ತಿರುಗಿ ಕೊಡು. ಮತ್ತೆ ಹೋಗುವಾಗ ಮಂಜಿಯ ಹತ್ತಿರ ಒಂದು ಮಾತು ಹೇಳಿ ಹೋಗು. ಗ್ಯಾಸ್ ಬಿಟ್ಟಳೆಂದು ಹೇಳಿದವನು ನೀನು.’

ಉಲ್ಲಾಸ ಮಫ್ಲರನ್ನು ಬಿಚ್ಚಿ ಮತ್ತೆ ಸುತ್ತಿಕೊಂಡ. ‘ತಪ್ಪು ತಿಳಿವಳಿಕೆ ಆಗಿತ್ತು ಮಂಜಮ್ಮ’ ಎಂದ, ಒಲೆಯನ್ನು ನೋಡುತ್ತ. ಒಲೆಗೆ ಹೇಳಿದನೋ ಅವಳಿಗೋ ತಿಳಿಯುವಂತಿರಲಿಲ್ಲ. ಮಂಜಿ ಮಾತ್ರ, ‘ಇರ್ಲಿ ಬಿಡಿ. ಸಾಯ್ಬ್ರೆ, ಬೂದಿ ಕೈ ತೊಳ್ಕಳಿ, ಬಿಸಿನೀರು ಇದೆ’ ಎಂದು ಚೊಂಬು ತುಂಬಿಸಿ ಕೊಟ್ಟಳು. ಅವನು ತೊಳೆದುಕೊಂಡ.

ಸಮಿತಿ ಕೂತಿತು. ಟೀಚರು ಓದಿದರು. ನಲವತ್ತೆಂಟು ಹುಡುಗಿಯರಿಗೆ ತಿಂಗಳಿಗೆ ನಾಲ್ಕು ಸಿಲಿಂಡರ್ ಎಂದಾಗ ಕುರ್ಚಿಗಳು ಕಿರುಗುಟ್ಟಿದವು. ಅದಕ್ಕಿಂತ ಹೆಚ್ಚಿನ ವಾದ ಬೇಕಾಗಲಿಲ್ಲ. ಹಂಡೆಗಳು ಮಣ್ಣಿನ ಒಲೆಗೆ ಮರಳಿದವು. ರಾತ್ರಿಯಿಡೀ ಸಿಪ್ಪೆ, ಬೆಳಿಗ್ಗೆ ಕೊಳ್ಳಿಯ ಬದಲು ಒಲೆಯ ಬಾಯಿಗೆ ಜಾರಿಸುವ ಗ್ಯಾಸಿನ ಉರಿ. ಮಂಜಿ ಉಳಿದಳು, ಅವಳ ಕೋಣೆ ಉಳಿಯಿತು. ಸಿಲಿಂಡರಿಗೆ ಸೈಕಲ್ ನಿಲ್ಲಿಸುವ ಜಾಗ ಸಾಕಾಯಿತು.

ಉಲ್ಲಾಸನೂ ಉಳಿದ. ಅಂಥವರು ಉಳಿಯುತ್ತಾರೆ. ಫೆಬ್ರವರಿಯ ಸಮಾರಂಭದಲ್ಲಿ ಅವನು ಮೈಕಿನ ಮುಂದೆ ನಿಂತು ‘ಎರಡು ಹಂತದ ತಾಪನ ವ್ಯವಸ್ಥೆ’ಯ ಬಗ್ಗೆ ಹದಿನೈದು ನಿಮಿಷ ಮಾತಾಡಿದ. ಮೊದಲ ಹಂತ ‘ಸ್ಥಳೀಯ ಜೈವಿಕ ಇಂಧನದ ಮಂದ ದಹನ’. ಎರಡನೆಯ ಹಂತ ಗ್ಯಾಸ್. ಇದನ್ನು ತಾನು ಖುದ್ದು ಬೆಳಗಿನ ಜಾವ ಅಳೆದು ಕಂಡುಕೊಂಡೆ ಎಂದ. ಫಲಕದಲ್ಲಿ ‘ಹೊಗೆರಹಿತ’ ಎಂಬುದರ ಬದಲು ‘ಮಿತಹೊಗೆಯ’ ಎಂದು ಕೆತ್ತಿಸಿದ್ದ. ಹೆಸರು ಮಾತ್ರ ಅದೇ ಗಾತ್ರದಲ್ಲಿತ್ತು. ಮೂರನೆಯ ಸಾಲಿನಲ್ಲಿ ಹಯಾತನ ಹೆಂಡತಿ ನುಜ್ಹತಳ ಪಕ್ಕ ಕೂತಿದ್ದ ಮಂಜಿ, ಎಲ್ಲರೂ ಚಪ್ಪಾಳೆ ತಟ್ಟಿದಾಗ ತಾನೂ ತಟ್ಟಿದಳು.

‘ಅವ ಹೇಳಿದ್ದು ಎಂತ ಗೊತ್ತಾಯ್ತಾ?’ ಎಂದು ಟೀಚರು ಆಮೇಲೆ ಕೇಳಿದರು.

‘ಎಂತದೋ ದೊಡ್ಡ ಸಂಗ್ತಿ ಅಮ್ಮ. ಪಾಪ, ಬಾಯಿ ಒಣಗ್ತಿತ್ತು ಅವ್ರಿಗೆ.’

ಟೀಚರು ಈಗ ಹುಡುಗಿಯರ ಬಚ್ಚಲಿಗೇ ಇಳಿದು ಬಂದು, ಎಲ್ಲರದೂ ಮುಗಿದ ಮೇಲೆ ಮೀಯುತ್ತಾರೆ. ಮೊಣಕಾಲಿಗೆ ಮೆಟ್ಟಿಲು ಕಷ್ಟವೆಂದು ಮಂಜಿ ಎಷ್ಟು ಹೇಳಿದರೂ ಕೇಳುವುದಿಲ್ಲ. ಕೊನೆಗೆ ಮಿಂದವರು ಹಂಡೆ ತುಂಬಿಸಬೇಕಷ್ಟೆ. ಮೊದಲ ದಿನ ಅವರು ನಲ್ಲಿಯಡಿ ಕೊಡ ಹಿಡಿದು, ಎಣಿಸಿ ಎಣಿಸಿ ಹೊಯ್ದು, ನೂರೈವತ್ತು ಲೀಟರಿಗೆ ಸರಿಯಾಗಿ ಅಂಚಿನವರೆಗೆ ತಂದು ನಿಲ್ಲಿಸಿದರು.

ಮಂಜಿ ಬಗ್ಗಿ ನೋಡಿದಳು. ‘ಇಷ್ಟು ತುಂಬಬಾರ್ದು ಅಮ್ಮ, ಕಾದ್ರೆ ಉಕ್ಕಿ ಬೂದಿ ತೋಯ್ತದೆ. ಸಿಪ್ಪೆ ಆರಿ ಹೋಗ್ತದೆ.’ ಅವಳು ತನ್ನ ನಾಲ್ಕು ಬೆರಳನ್ನು ಅಡ್ಡವಾಗಿ ಹಂಡೆಯ ಕಂಠಕ್ಕಿಟ್ಟು ತೋರಿಸಿದಳು. ‘ಇಷ್ಟು ಬಿಡ್ಬೇಕು.’

ಟೀಚರು ಚೊಂಬು ತೆಗೆದುಕೊಂಡು, ಹೆಚ್ಚಾದ ನೀರನ್ನು ಚೊಂಬು ಚೊಂಬಾಗಿ ತೆಗೆಯತೊಡಗಿದರು.